ಸವಿತಳ ಚೌಕಾಬಾರದಲ್ಲಿ ನನ್ನ ದನಿ

ಹುಣಸೆಬೀಜವನ್ನು ಹೊಸ್ತಿಲ ಕಲ್ಲಿಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಬೆಳ್ಳಗಾಗುವಾಗ ಬೆರಳ ತುದಿಗೆ ತಾಗುತ್ತಿದ್ದ ಆ ಬಿಸಿ ನಿಮಗೂ ನೆನಪಿರಬೇಕು. ಅಂಥ ನಾಲ್ಕು ಬೀಜಗಳಿದ್ದರೆ ಸಾಕು, ಚೌಕಾಬಾರದ ಮಧ್ಯಾಹ್ನವೊಂದು ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ನಾನು ಮಾತ್ರ ಬೇಗನೆ ಮೈಸೂರಿನ ಕಾನ್ವೆಂಟಿಗೆ ಹೋದೆ. ಅಲ್ಲಿ ಎಲೊಕ್ಯೂಷನ್ ಕಲಿತು, ಪ್ರತಿ ಅಕ್ಷರವನ್ನೂ ಇಸ್ತ್ರಿ ಮಾಡಿ ಮಡಿಚಿಟ್ಟಂಥ ದನಿಯೊಂದನ್ನು ಸಂಪಾದಿಸಿದೆ. ಪಾಂಡವಪುರದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿದ್ದು ಅದರಲ್ಲೇ. ಮುಪ್ಪಿನಲ್ಲಿ ಕಣ್ಣು ಮಂಜಾಗಿ ಮಂಡಿ ಮುನಿಸಿಕೊಂಡರೂ ಅದೊಂದು ಉಳಿದಿದೆಯಲ್ಲ ಎಂಬ ಸಣ್ಣ ವ್ಯಾನಿಟಿ ನನಗಿತ್ತು.

ನನ್ನ ಹಳೆಯ ವಿದ್ಯಾರ್ಥಿನಿ ಸವಿತ ಕೆ.ಆರ್. ಪೇಟೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಿಡಿಯೊ ಗೇಮ್ ಕಂಪನಿ ನಡೆಸುತ್ತಾಳೆ. ಕಂಪನಿಯೆಂದರೆ ಅವಳು, ಮತ್ತಿಬ್ಬರು ಗೆಳತಿಯರು. ಮೊಬೈಲಿಗೆಂದು ಅವರು ಮಾಡಿದ ಚೌಕಾಬಾರದಲ್ಲಿ ಆಟ ನಡೆಸಿಕೊಡುವ ಅಜ್ಜಿಯ ದನಿ ನನ್ನದಾಗಿತ್ತು. ಇನ್ನೇನು ಬಿಡುಗಡೆ ಎನ್ನುವಾಗ ದೊಡ್ಡ ಕಂಪನಿಯೊಂದು ಅದೇ ಆಟವನ್ನು ಚಿನ್ನದ ಕಾಯಿ, ಅರಮನೆಯ ಮ್ಯೂಸಿಕ್ಕು, ನಟಿಯೊಬ್ಬಳ ದನಿ ಸಮೇತ ತಂದುಬಿಟ್ಟಿತು.

"ಇದೂ ನಡೀನಿಲ್ಲ ಅಂದ್ರೆ ಬಾಗ್ಲು ಆಕ್ಬುಡ್ತೀವಿ ಆಂಟಿ," ಎಂದಳು ಸವಿತ.

ಆಗ ನಾವು ಮಾಡಿದ ತಪ್ಪೆಂದರೆ, ನಾವೂ ಗ್ರ್ಯಾಂಡ್ ಆಗಹೊರಟದ್ದು. ಸವಿತ, ಅವಳ ಗೆಳತಿಯರು ಕಾಯಿಗಳಿಗೆ ಬಂಗಾರ ಬಳಿದರು. ನಾನು ಎಲ್ಲವನ್ನೂ ಇನ್ನಷ್ಟು ಪಾಲಿಷ್ ಮಾಡಿ ಮತ್ತೆ ಓದಿಕೊಟ್ಟೆ. ಆಟವನ್ನು ಪರೀಕ್ಷೆಗೆಂದು ಬಿಂಡಿಗನವಿಲೆಯ ಪುಟ್ಟಮ್ಮನ ಜಗಲಿಗೆ ಒಯ್ದೆವು. ಪುಟ್ಟಮ್ಮ, ಅವಳ ಓರಗೆಯ ಹೆಂಗಸರು ದಿನವೂ ಅಲ್ಲಿ ಚೌಕಾಬಾರ ಆಡುವವರು. ನನ್ನ ದನಿ ಹೊರಟಿತು. ಅವರೆಲ್ಲ ಪ್ರೇಯರಿಗೆ ನಿಂತ ಮಕ್ಕಳಂತೆ ಸುಮ್ಮನಾಗಿ, ಹೇಳಿದಲ್ಲಿ ಬೆರಳಿಟ್ಟು, ಕೊನೆಗೆ ಆಕಳಿಸಿದರು.

"ಯಾರವ್ವ ಈವಮ್ಮ? ಇಸ್ಕೂಲಲ್ಲಿ ಕುಂತಂಗಾಯ್ತದೆ. ಜಗ್ಳ ಆಡಾಕೂ ಬುಡಾಕಿಲ್ಲ, ಇದೂ ಒಂದ್ ಆಟ್ವಾ?" ಎಂದಳು ಪುಟ್ಟಮ್ಮ, ಆ ದನಿ ಪಕ್ಕದಲ್ಲೇ ಕೂತಿದ್ದ ನನ್ನದೆಂದು ಗುರುತು ಹತ್ತದೆ. ಫೋನು ಬದಿಗಿಟ್ಟು ಬೀಜ ತೆಗೆದರು. ಮರುಗಳಿಗೆಯೇ ಜಗಲಿ ಕುದಿಯಿತು.

"ಅಯ್ ಮೋಸಗಾತಿ, ಒಂದ್ ಕಾಯ್ನೂ ಕಡೀದೆ ಒಳಮನೇಗ್ ಓಯ್ತಿಯಾ?"

"ನಮ್ ಬೆಳಗೊಳದಲ್ಲಿ ಇಂಗೇ ಕಣಮ್ಮಿ!"

"ಅಂಗಾದ್ರೆ ಅಲ್ಗೇ ಓಗಿ ಆಡೋಗು!"

ಲೋಕಕ್ಕೆಲ್ಲ ಆಟ ಮಾರುವವರಿಗೆ ಒಂದೇ ನಿಯಮ ಬೇಕು. ಬೆಳಗೊಳದ ಸೊಸೆಗೊಂದು, ಬಿಂಡಿಗನವಿಲೆಯ ಅತ್ತೆಗೊಂದು ಎಂದರೆ ಅವರಿಗೆ ಪೂರೈಸದು. ಸವಿತಳಂಥ ಸಣ್ಣವರಿಗಾದರೋ ಈ ಜಗಲಿಯಲ್ಲಿ ಕೂರುವಷ್ಟು ಪುರುಸೊತ್ತಿದೆ. ಹಿಂತಿರುಗುವ ಬಸ್ಸಿನಲ್ಲಿ ಇದು ಹೊಳೆದ ಬೆನ್ನಿಗೇ ಇನ್ನೊಂದೂ ಹೊಳೆಯಿತು: ಆ ಹೆಂಗಸರ ಬಾಯಿ ಕಟ್ಟಿದ್ದು ಬಂಗಾರದ ಕಾಯಿಯಲ್ಲ, ನಾನು.

"ನನ್ನ ವಾಯ್ಸ್ ತೆಗೆದುಬಿಡು," ಎಂದೆ.

ಸವಿತ ಕಿಟಕಿಯಾಚೆ ನೋಡುತ್ತಲೇ ಇದ್ದಳು. "ನಾನೇ ಯೋಳ್ಬೇಕು ಅಂತಿದ್ದೆ ಆಂಟಿ. ಬಾಯೇ ಬರ್ನಿಲ್ಲ."

ಆಟ ಹೊಸದಾಯಿತು. ಈಗ ಮೊದಲು ಆಡುವವರೇ ಯಾವ ಊರಿನ ನಿಯಮವೆಂದು ಜಗಳಾಡಿ ಒಪ್ಪಬೇಕು, ಆಮೇಲೆ ಕಾಯಿ ನಡೆಸಬೇಕು. ದನಿ ಪುಟ್ಟಮ್ಮನದು. ಆದರೆ ಮೈಕಿನ ಮುಂದೆ ಅವಳು ಮೂಕಿ, "ಗ್ವಾಡೆ ಜೊತೆ ಎಂಗವ್ವ ಬಯ್ದಾಡ್ಲಿ?" ಎಂದಳು. ಎದುರಿಗೆ ನನ್ನನ್ನು ಕೂರಿಸಿದರು. ಆಡಿದೆವು. ಅವಳು ನನ್ನ ಕಾಯಿಗಳನ್ನು ಒಂದೊಂದಾಗಿ ಕಡಿಯುತ್ತ ಹಂಗಿಸಿದಳು, ಕೆಣಕಿದಳು, "ಮಾತಾಡಮ್ಮಿ, ನಾಲ್ಗೆ ಬಿದ್ದೋಯ್ತಾ?" ಎಂದು ಕಾದಳು. ನನ್ನ ಮಡಿಚಿಟ್ಟ ಮಾತುಗಳಲ್ಲಿ ಅದಕ್ಕೊಂದು ಉತ್ತರವಿರಲಿಲ್ಲ. ಸುಮ್ಮನೆ ಕೂತೆ. ಆ ಮೌನಗಳನ್ನು ಸವಿತ ರೆಕಾರ್ಡಿಂಗಿನಿಂದ ಕತ್ತರಿಸದೆ ಹಾಗೇ ಬಿಟ್ಟಳು.

ದೊಡ್ಡವರ ಆಟ ಈಗಲೂ ಎಲ್ಲೆಡೆ ಮಿರುಗುತ್ತಿದೆ, ಇವರು ಗೆದ್ದರೆನ್ನಲಾರೆ. ಬಾಗಿಲು ಹಾಕಲಿಲ್ಲ, ಅಷ್ಟೆ. ಮೊನ್ನೆ ನಾಗಮಂಗಲದ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಪುಟ್ಟಮ್ಮನ ದನಿ ಕೇಳಿಸಿತು: "ನಾಲ್ಗೆ ಬಿದ್ದೋಯ್ತಾ?" ಆಮೇಲೆ ನಾನು ಸುಮ್ಮನಿದ್ದ ಆ ಜಾಗ ಬಂತು. ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು, ಬಸ್ಸೆಲ್ಲ ತಿರುಗಿ ನೋಡುವಂತೆ, ಫೋನಿಗೆ ಬಾಯಿಟ್ಟು ಕೂಗಿದಳು:

"ನಿಂದೇ ಬಿದ್ದೋಗ್ಲಿ, ತಡ್ಕೊ, ಬಂದೆ!"