ಬಾರದ ರೈಲಿಗೆ ನಿಲ್ಲುವ ಅಧ್ಯಕ್ಷರು
ಟೆಕ್ಸಾಸ್‌ನ ನಮ್ಮ ಮೂರು ಕೌಂಟಿಗಳು, ಅಂದರೆ ಜಿಲ್ಲೆಗಳು, ಸೇರಿ ಕಟ್ಟಿಕೊಂಡ ಗ್ರಾಮೀಣ ರೈಲು ಮಂಡಳಿಗೆ ಡೆಲ್ಮರ್ ಕ್ರೌಸ್ ಅಧ್ಯಕ್ಷರು. ಮೂವತ್ತೊಂದು ಮೈಲಿ ಹಳಿ ಇದೆ, ರೈಲೊಂದೇ ಇಲ್ಲ. ಹನ್ನೊಂದು ವರ್ಷದಿಂದ ಹಳಿಯ ನಡುವೆ ಕಾಡು ಸೂರ್ಯಕಾಂತಿ ಬೆಳೆಯುತ್ತಿದೆ. ಯಾರಾದರೂ ಅದನ್ನೆತ್ತಿ ಆಡಿದರೆ, "ಹೂವಿನ ಮಾತು ಬಿಡ್ರೀ, ಕೆಳಗಿರೋ ಉಕ್ಕು ನೋಡ್ರಿ" ಎನ್ನುತ್ತಾರೆ. ರಾಜ್ಯದ ಸಾರಿಗೆ ಯೋಜನೆ ತಯಾರಾಗುವಾಗಲೆಲ್ಲ ಆರು ಗಂಟೆ ಪಿಕಪ್ ಓಡಿಸಿಕೊಂಡು ರಾಜಧಾನಿ ಆಸ್ಟಿನ್‌ಗೆ ಹೋಗಿ, ಸಭೆಯಲ್ಲಿ ಕೊಟ್ಟ ಮೂರು ನಿಮಿಷ ಮಾತಾಡಿ, ಮತ್ತೆ ಆರು ಗಂಟೆ ಓಡಿಸಿಕೊಂಡು ಬರುತ್ತಾರೆ. ಕಳೆದ ಸಲ ಆ ಯೋಜನೆಯ ನಕ್ಷೆಯಲ್ಲಿ ನಮ್ಮ ಹಳಿಯನ್ನು ಬರೀ ಚುಕ್ಕಿಗೆರೆ ಮಾಡಿದಾಗ, "ಚುಕ್ಕಿಯಾಗಾದ್ರೂ ಇದೀವಲ್ಲ!" ಎಂದು ಊರಿಗೆಲ್ಲ ಡೋನಟ್ ಹಂಚಿದರು. ಇವರ ಪಿಕಪ್ಪಿನ ಹಿಂದೆ ಸಿಕ್ಕಿಬಿದ್ದವರ ಪಾಡು ಕೇಳಬೇಡಿ: ರಸ್ತೆ ಹಳಿಯನ್ನು ದಾಟುವ ಕಡೆಯೆಲ್ಲ ಗಾಡಿ ನಿಲ್ಲಿಸಿ, ರೇಡಿಯೊ ಆರಿಸಿ, ಗಾಜು ಇಳಿಸಿ, ಎಡಕ್ಕೂ ಬಲಕ್ಕೂ ಕಿವಿಗೊಡುತ್ತಾರೆ. "ರೈಲು ಬಂದ್ರೆ ನಾನೇ ಸಿಳ್ಳೆ ಹೊಡೀತೀನಿ, ನಡೀರಿ" ಎಂದು ಹೆಂಡತಿ ವರ್ನಾ ಗದರಿದರೂ ಅಷ್ಟೇ. ಹೋದ ಮಂಗಳವಾರ, ಆ ಚುಕ್ಕಿಗಳನ್ನೂ ಅಳಿಸಿ ಹಳಿಯನ್ನು ಗುಜರಿಗೆ ಹಾಕಬಹುದೇ ಎಂದು ನೋಡಲು ರಾಜ್ಯದ ಮಹಿಳಾ ಅಧಿಕಾರಿಯೊಬ್ಬರು ಬಂದರು. ಹಳಿ ಹೋದರೆ ನಮ್ಮ ಗೋಧಿಗೆ ಎಂದೆಂದಿಗೂ ಲಾರಿಯೇ ಗತಿ. ಡೆಲ್ಮರ್ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳಿ ತೋರಿಸಲು ಹೊರಟರು; ಮಂಡಳಿಯ ಗುಮಾಸ್ತನಾದ ನಾನು ಹಿಂದಿನ ಸೀಟಿನಲ್ಲಿದ್ದೆ. ಹಳಿಯ ಹತ್ತಿರ ಪಿಕಪ್ ಎಂದಿನಂತೆ ನಿಂತಿತು. "ಇಲ್ಲಿ ರೈಲೇ ಬರಲ್ವಲ್ಲ, ಸರ್?" ಎಂದು ಆಕೆ ನಕ್ಕರು. ಡೆಲ್ಮರ್ ನಗಲಿಲ್ಲ. "ನಾವೇ ನಿಲ್ಲದೆ ದಾಟಿಬಿಟ್ರೆ, ನೀವ್ಯಾಕಮ್ಮ ನಿಲ್ತೀರಿ?" ಎಂದರು. ಆಕೆ ಪೆನ್ನು ಮುಚ್ಚಿಟ್ಟು, ತಮ್ಮ ಕಡೆಯ ಗಾಜನ್ನೂ ಇಳಿಸಿದರು.