ಎರಿಸ್ ಹೋಬಳಿಗೆ ಹೊರಟವರು

ಬ್ಲ್ಯಾಕ್‌ಟೌನಿನ ಆ ವೃದ್ಧಾಶ್ರಮದ ಬಾಗಿಲಿಗೆ ನಂಬರಿನ ಬೀಗ. ಮರೆವಿನ ಕಾಯಿಲೆಯವರು ಹೊರಗೆ ಹೋಗಿಬಿಟ್ಟಾರೆಂಬ ಭಯ. ಬಾಗಿಲ ಪಕ್ಕದ ಕುರ್ಚಿ ಐರಿಷ್ ಮುದುಕ ಲವೆಲ್‌ನದು. ಕತ್ತಲಾಗುವ ಮೊದಲು ಎರಿಸ್ ಸೇರಬೇಕು, ಅಮ್ಮ ಕಾಯುತ್ತಿದ್ದಾಳೆ ಎಂಬುದೊಂದೇ ಅವನ ಹಟ.

"ಎರಿಸ್ ಅಂದ್ರೆ ಊರಾ?" ಎಂದು ಆರೈಕೆಯ ಕೆಲಸಕ್ಕೆ ಸೇರಿದ ಹೊಸತರಲ್ಲೇ ಗಾನವಿ ಕೇಳಿದ್ದಳು. ಊರಲ್ಲ, ಬ್ಯಾರನಿ ಎಂದ. ಎಷ್ಟೋ ಹಳ್ಳಿ ಸೇರಿದ ಸೀಮೆ. ಮೊದಲು ಪಾಳೆಯಗಾರರಂಥ ಮನೆತನಗಳದು, ಆಮೇಲೆ ಇಂಗ್ಲಿಷರು ಗಡಿ ಗೊತ್ತು ಮಾಡಿ ಕಂದಾಯ ಎತ್ತಿದ್ದು. "ಅಯ್ಯೋ, ನಮ್ ಹೋಬಳಿ ಥರ!" ಎಂದು ತುರುವೇಕೆರೆ ಕಡೆಯ ಹುಡುಗಿ ನಕ್ಕಳು. ಎರಿಸ್‌ನ ಪಡುವಲಿಗೂ ಬಡಗಲಿಗೂ ಕಡಲು, ಮಿಕ್ಕ ಕಡೆ ಕಾಲಿಟ್ಟರೆ ಹೂತುಹೋಗುವ ಜೌಗು. ಎಷ್ಟೋ ಕಾಲ ಗಾಡಿ ಹೋಗುವ ದಾರಿಯೇ ಇರಲಿಲ್ಲವಂತೆ. ಬ್ಯಾರನಿಗಳ ಆಡಳಿತ ಮುಗಿದು ನೂರು ವರ್ಷ ದಾಟಿದೆ. ಮುದುಕನಿಗೆ ಯಾರು ಹೇಳಬೇಕು!

ಗಾನವಿಗೂ ದಾರಿ ಇರಲಿಲ್ಲ. ಈ ದೇಶಕ್ಕೆ ಓದಲು ಬಂದವಳು, ಓದು ಮುಗಿಸಿ ಇಲ್ಲೇ ಕಾಯಂ ನೆಲೆಸುವ ಪಿಆರ್‌ಗೆ ಅರ್ಜಿ ಹಾಕಿದ್ದಳು. 2009 ಮುಗಿಯುತ್ತ ಬಂದರೂ ಉತ್ತರವಿಲ್ಲ. ಅಲ್ಲಿಯವರೆಗೆ ಊರಿಗೆ ಹೋಗಿಬರಲು ಬೇರೆ ಅನುಮತಿ ಬೇಕು, ಅದೂ ಬಂದಿಲ್ಲ. ಹಾಗೇ ಹೊರಟರೆ ವಾಪಸು ಬರುವಂತಿಲ್ಲ. ಊರಲ್ಲಿ ಸಾಕಿ ಬೆಳೆಸಿದ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅತ್ತ ದರಿ, ಇತ್ತ ಪುಲಿ.

"ಹೋಗ್ಬತ್ತೀನಿ ಅಂದ್ಯಲ್ಲೇ ಮಗ," ಎನ್ನುತ್ತಿದ್ದಳು ಅಜ್ಜಿ ಫೋನಿನಲ್ಲಿ, "ಹೋದೆ. ಬರೋದ್ಯಾವಾಗ?"

ನಮ್ಮವರು ಬರೀ "ಹೋಗುತ್ತೇನೆ" ಎನ್ನುವುದುಂಟೇ? ಬಿಡ್ತು ಅನ್ನಿ! ಶಿಫ್ಟ್ ಮುಗಿದಾಗ ಗಾನವಿ ಲವೆಲ್‌ಗೂ ಇಂಗ್ಲಿಷಿನಲ್ಲೇ "ಹೋಗಿ ಬರ್ತೀನಿ" ಎಂದುಬಿಡುವಳು. ಪಾಪ, ಅವನು ಅದನ್ನೇ ನಂಬಿ, ಈಗ ಬಂದಾಳು ಎಂದು ಊಟ ಮುಟ್ಟದೆ ಬಾಗಿಲಿಗೇ ಕಣ್ಣಿಟ್ಟು ಕೂರುವನು. "ಸುಮ್ನೆ ಬೈ ಅನ್ನೇ ತಾಯಿ, ನಿನ್ನಿಂದ ಉಪವಾಸ ಇರ್ತಾರೆ" ಎಂದು ಜೊತೆಯ ಕೆಲಸದ ಚಿನ್ಮಯಿ ಗದರಿದರೂ ಇವಳ ನಾಲಿಗೆ ಏಳದು.

ಒಂದು ಮಧ್ಯಾಹ್ನ ಗಾನವಿಗೆ ಊರಿಂದ ಅಮ್ಮನ ಫೋನು ಬಂತು. "ಅಜ್ಜಿ ಹೋಗ್ಬುಡ್ತು ಕಣೇ. ಕೊನೇ ತನಕ ಬಾಗ್ಲ ಕಡೆಗೇ ನೋಡ್ತಿತ್ತು."

ಗಾನವಿ ಲವೆಲ್ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ಕೈ ಹಿಡಿದ.

"ಹುಲ್ಲು ಕೊಯ್ಲಿಗೆ ಬರ್ತೀನಿ ಅಂತ ಅಮ್ಮನಿಗೆ ಹೇಳಿ ಬಂದಿದ್ದೀನಿ. ಬಾಗಿಲು ತೆಗಿ ಮಗಳೇ, ಇಬ್ಬರೂ ಹೋಗೋಣ."

ಬೀಗದ ನಂಬರು ಅವಳಿಗೆ ಗೊತ್ತಿತ್ತು. ಅದರಿಂದೇನು ಬಂತು!

ಸಂಜೆ ತಟ್ಟೆ ತಂದು ತಾನೇ ತಿನ್ನಿಸಿದಳು. ಶಿಫ್ಟ್ ಮುಗಿದಾಗ ಬೀಗದ ನಂಬರು ಒತ್ತಿ, ಅಜ್ಜಿಯಂತೆ ಇವನೂ ಬಾಗಿಲು ಕಾಯುವುದು ಬೇಡವೆಂದು, ಹಿಂತಿರುಗಿ ನೋಡದೆ, ಹುಟ್ಟಿದ ಮೇಲೆ ಮೊದಲ ಸಲ ಆ ಮಾತು ಆಡಿದಳು: "ತಾತ, ನಾನು ಹೋಗ್ತೀನಿ."

"ಬರ್ತೀಯಲ್ಲ?" ಎಂದು ಅವನು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.