ತಲೆಗೆ ಹಚ್ಚುವ ಎಣ್ಣೆ

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರ. ನಾನು, ನನ್ನ ಹೆಂಡತಿ ಸವಿತಾ, ಒಂದೂವರೆ ವರ್ಷದ ಮಗಳು ಇಳಾ ಮೈಸೂರಿನ ಆಸ್ಪತ್ರೆಯಿಂದ ಸರಗೂರಿಗೆ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆವು.

ಇಳಾಗೆ ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ, ಸೋಯಾ ಯಾವುದೂ ಆಗುತ್ತಿರಲಿಲ್ಲ. ತಿಂದರೆ ವಾಂತಿ, ಇಲ್ಲವೇ ಮೈತುಂಬ ದದ್ದು. ಉಳಿದದ್ದು ಗಂಜಿ, ರಾಗಿ ಸರಿ, ಬಾಳೆಹಣ್ಣು. ಅದೂ ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. ತೂಕ ಏಳೂವರೆ ಕೆಜಿಗೆ ನಿಂತುಬಿಟ್ಟಿತ್ತು. "ಆ ನಾಲ್ಕು ಚಮಚದಲ್ಲೇ ಕೊಬ್ಬಿನಂಶ ಸೇರಿಸಬೇಕು. ಮುಂದಿನ ತಿಂಗಳೂ ಹೀಗೇ ಇದ್ದರೆ ಮೂಗಿನಿಂದ ಟ್ಯೂಬ್ ಹಾಕಬೇಕಾಗುತ್ತೆ" ಎಂದಿದ್ದರು ಡಾಕ್ಟರ್. ತುಪ್ಪ ಹಾಕುವಂತಿಲ್ಲ. ಅಡುಗೆ ಎಣ್ಣೆ ಬೆರೆಸಿದರೆ ಉಗಿಯುತ್ತಿದ್ದಳು. ಎಂ.ಎಸ್ಸಿ. ಓದಿದ ನನಗೆ ಮುಂದೇನೆಂದು ಹೊಳೆಯುತ್ತಿರಲಿಲ್ಲ.

ಎಚ್.ಡಿ. ಕೋಟೆ ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ಪಂಕ್ಚರಾಯಿತು. "ಸ್ಟೆಪ್ನಿಲೂ ಗಾಳಿ ಇಲ್ಲ ಕಣ್ರಪ್ಪಾ, ಒಂದ್ ನಿದ್ದೆ ತಗೀರಿ" ಎಂದ ಕಂಡಕ್ಟರ್. ಡಬ್ಬಿ ತೆರೆದರೆ ಗಂಜಿ ಹಳಸಿತ್ತು. ಇಳಾ ಅಳುತ್ತಿದ್ದಳು, ಅಳಲೂ ಶಕ್ತಿಯಿರಲಿಲ್ಲ.

ರಸ್ತೆ ಪಕ್ಕ ಶುಂಠಿ ಹೊಲ. ವಯನಾಡಿನವರು ನಮ್ಮ ಕಡೆ ವರ್ಷಕ್ಕೆಂದು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಕಿತ್ತ ಶುಂಠಿಯ ಘಾಟು, ಮೇಲೆದ್ದ ಕೆಂಧೂಳಿನಲ್ಲಿ ನಿಂತುಬಿಟ್ಟ ಬಿಸಿಲು. ಆ ಹೊತ್ತನ್ನು ನೀರಿನೊಳಗಿನಿಂದ ನೋಡಿದ ಹಾಗೆ ನೆನಪಿದೆ. ಹೊಲದ ಶೆಡ್ಡು ನೀಲಿ ಟಾರ್ಪಾಲಿನದು ಎನ್ನುತ್ತೇನೆ ನಾನು. ತೆಂಗಿನ ಗರಿಯದು ಎನ್ನುತ್ತಾಳೆ ಸವಿತಾ. ಅಲ್ಲಿಂದ ಹೊಗೆ ಬರುತ್ತಿತ್ತು ಎಂಬುದಕ್ಕೆ ಮಾತ್ರ ಇಬ್ಬರೂ ಒಪ್ಪುತ್ತೇವೆ. ಮಗುವಿಗೆ ಏನಾದರೂ ಸಿಕ್ಕೀತೆಂದು ಅತ್ತ ನಡೆದೆವು.

ಒಲೆಯ ಮುಂದಿದ್ದ ಹೆಂಗಸನ್ನು ಕೂಲಿಯವರು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಸವಿತಾ ಕಷ್ಟವನ್ನೆಲ್ಲ ಹೇಳಿಕೊಂಡಳು. ಚೇಚಿ ದಪ್ಪ ನೇಂದ್ರ ಬಾಳೆಹಣ್ಣೊಂದನ್ನು ಬೇಯಿಸಿ, ಹಿಸುಕಿ, ಅದರ ಮೇಲೆ ಬಾಟಲಿಯಿಂದ ಕೊಬ್ಬರಿ ಎಣ್ಣೆ ಸುರಿದಳು.

ನೀರಿಗೆಂದು ನಮ್ಮ ಜೊತೆ ಬಸ್ಸಿನಿಂದ ಇಳಿದು ಬಂದಿದ್ದ ಅಜ್ಜಿ ಕೂಗಿಕೊಂಡಳು: "ಅಯ್ಯೋ, ತಲೆಗ್ ಅಚ್ಚೋ ಎಣ್ಣೆ ಕಣವ್ವಾ ಅದು! ಮಗೀಗ್ ತಿನ್ನುಸ್ತಾರಾ?"

"ತಲೆಗೆ ಮಾತ್ರ ಹಸಿವಾ ಅಮ್ಮಾ?" ಎಂದಳು ಚೇಚಿ, ರಾಗವಾಗಿ. "ನಮ್ಮ ನಾಟಲ್ಲಿ, ವಯನಾಡಲ್ಲಿ, ಎಲ್ಲಾ ಮಕ್ಕಳೂ ತಿಂದೇ ದೊಡ್ಡದಾದದ್ದು."

ನಾನು ಬಾಟಲಿಯನ್ನು ಎತ್ತಿ ಮೂಸಿದೆ. ಹುಟ್ಟಿದಂದಿನಿಂದ ಇಳಾಳ ಮೈಗೆಲ್ಲ ಅದೇ ಎಣ್ಣೆ ತಿಕ್ಕಿದ್ದೆವು. ಒಂದು ದದ್ದೂ ಎದ್ದಿರಲಿಲ್ಲ. ಬಚ್ಚಲ ಗೂಡಿನಲ್ಲಿ ಅಷ್ಟು ಕೊಬ್ಬು ಬಾಟಲಿಯಲ್ಲಿ ಕೂತಿದ್ದರೂ ಅದು ಊಟ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮೊದಲು ಕಾಳಿನಷ್ಟು ತುಟಿಗೆ ಸವರಿದೆವು. ಇಳಾ ಚಪ್ಪರಿಸಿದಳು. ಕೆನ್ನೆ ಕೆಂಪಾಗುವುದೇ ಎಂದು ಕಾಯುತ್ತಾ ಕೂತೆ. ಎಷ್ಟು ಹೊತ್ತೋ! ಟೈರು ಬಂತು, ಹಾಕಿದರು. ಏನೂ ಆಗಲಿಲ್ಲ. ಮತ್ತೆ ಒಂದು ಚಮಚ, ಇನ್ನೊಂದು. ಬಸ್ಸಿನ ಹಾರ್ನ್ ಕೇಳಿದಾಗ ಇಳಾ ತಟ್ಟೆ ಬಿಡಲೊಲ್ಲದೆ ಕಿರುಚಿದಳು. ಊಟಕ್ಕಾಗಿ ಅವಳು ಕಿರುಚಿದ್ದನ್ನು ನಾವು ಕೇಳಿದ್ದು ಅದೇ ಮೊದಲು. "ಬುಡ್ರವ್ವಾ, ತಟ್ಟೆನೂ ತಿಂದಾಳು" ಎಂದು ಅಜ್ಜಿಯೇ ನಕ್ಕಳು.

ಮಾರನೆಯ ದಿನ ಫೋನಿನಲ್ಲಿ ಕೇಳಿದಾಗ ಡಾಕ್ಟರ್, "ಒಗ್ಗಿದರೆ ಧಾರಾಳವಾಗಿ ಕೊಡಿ" ಎಂದರು. ಗಂಜಿಗೂ ರಾಗಿಗೂ ಅದೇ ಎಣ್ಣೆ ಬೆರೆಸಿದೆವು. ತಿಂಗಳ ನಂತರ ತಕ್ಕಡಿಯ ಮುಳ್ಳು ಏಳೂವರೆ ದಾಟಿತು. ಟ್ಯೂಬಿನ ಮಾತು ಮತ್ತೆ ಬರಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಚೇಚಿಗೆ ಇಳಾಳನ್ನು ತೋರಿಸಲೆಂದು ಹೋದೆ. ಶುಂಠಿಯವರು ಒಂದೇ ನೆಲದಲ್ಲಿ ಎರಡನೇ ಬೆಳೆ ಇಡುವುದಿಲ್ಲ, ಮುಂದೆ ಹೋಗಿಬಿಡುತ್ತಾರೆ. ಅಲ್ಲಿ ರಾಗಿ ತೆನೆ ತೂಗುತ್ತಿತ್ತು. "ಯಾವ ಚೇಚಿನಪ್ಪಾ? ಎಷ್ಟೋ ಜನ ಬತ್ತಾರೆ, ಓಯ್ತಾರೆ" ಎಂದ ಹೊಲದವನು. ಆ ಜಾಗ ಇದೇ ಹೌದೋ ಅಲ್ಲವೋ ಎಂಬ ಅನುಮಾನವೂ ಆಯಿತು.

ಬದುವಿನ ಮೇಲೆ ಓಡಿ ಸುಸ್ತಾದ ಇಳಾ, ಎತ್ತಿಕೋ ಎಂದು ಕೈ ಚಾಚಿದಳು. ರಸ್ತೆ ಸೇರುವುದರೊಳಗೆ ನಾನು ಎರಡು ಸಲ ತೋಳು ಬದಲಿಸಬೇಕಾಯಿತು.